ಸೆಟ್ಟಿನ ಹತ್ತಿರ ಕೂರಿಸಿದ ನೆಂಟರು

ನಮ್ಮ ಶಾಲೆಯ ಬೀರುವಿನಲ್ಲಿ ಒಂದು ದಪ್ಪ ಇಂಗ್ಲಿಷ್ ನಿಘಂಟು ಇದೆ. ಯಾರೋ ದಾನಿಗಳು ಕೊಟ್ಟದ್ದು. ಅದನ್ನು ಓದಲು ಯಾರೂ ತೆಗೆಯುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಂತೆ ಮೇಲೆ ಹೇರಲು ತೆಗೆಯುತ್ತೇವೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿಕೊಂಡು ಬಂದಿದೆ.

ಹೋದ ವಾರ ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಪವಿತ್ರ ಎನ್ನುವ ಹುಡುಗಿ ಎದ್ದು ನಿಂತಳು.

“ಮಿಸ್, ಸೆಟ್ ಅಂದ್ರೆ ಏನ್ ಮಿಸ್?”

ಹದಿನೇಳು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ನನಗೆ ಮೂರಕ್ಷರದ ಪದಕ್ಕೆಲ್ಲ ಹೆದರಿ ಅಭ್ಯಾಸವಿಲ್ಲ. ‘ಹೊಂದಿಸು’ ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಸಾಲಿಗೆ ಹೋದೆ. ಅವಳು ಕೂರಲಿಲ್ಲ.

“ಹಂಗಾದ್ರೆ ಸೂರ್ಯ ಸೆಟ್ ಆಗ್ತಾನೆ ಅಂದ್ರೆ, ಅವನನ್ನ ಯಾರು ಹೊಂದಿಸ್ತಾರೆ ಮಿಸ್?”

“ಅದು ಬೇರೆ ಸೆಟ್ ಕಣಮ್ಮ.”

“ಪಂಪ್‌ಸೆಟ್?”

“ಅದೂ ಬೇರೆ.”

“ಸೆಟ್ ದೋಸೆ?” ಇದು ಹಿಂದಿನ ಬೆಂಚಿನಿಂದ ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಸರಿಯಾದ ಸಮಯಕ್ಕೆ ನಮ್ಮ ಶಾಲೆಯ ಗಂಟೆ ಹೊಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಎಲ್ಲರೂ ಹೋದ ಮೇಲೆ ಬೀರು ತೆಗೆದು, ನಿಘಂಟನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟು, ಆ ಪದವನ್ನು ಹುಡುಕಿದೆ. ಸಿಕ್ಕಿತು. ಪುಟ ತಿರುಗಿಸಿದೆ, ಇನ್ನೂ ಅದೇ ಪದ. ಇನ್ನೊಂದು ಪುಟ ತಿರುಗಿಸಿದೆ, ಆಗಲೂ ಅದೇ. ಇಷ್ಟು ಚಿಕ್ಕ ಪದಕ್ಕೆ ಇಷ್ಟೊಂದು ಆಸ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಓದುತ್ತಾ ಹೋದಂತೆ ಬೇಸರವೂ ಆಯಿತು. ಮೂರು ಪುಟ ಓದಿದರೂ ನಮ್ಮ ಕಡೆಯ ಸೆಟ್ಟುಗಳು ಒಂದೂ ಅದರಲ್ಲಿರಲಿಲ್ಲ. ಗೌರಿಬಿದನೂರಿನಿಂದ ಚಿಂತಾಮಣಿಯ ತನಕ ಜನ ದಿನ ಬೆಳಗಾದರೆ ಆಡುವ ಪದ, ಆದರೆ ನಿಘಂಟು ಮಾಡಿದವರಿಗೆ ನಮ್ಮ ವಿಷಯವೇ ತಿಳಿದಿಲ್ಲ. ಅವರ ಪರವಾಗಿ ಆ ಕೊರತೆಯನ್ನು ನಾನೇ ತುಂಬಬೇಕೆಂದು ಈ ಬರಹ.

ಮೊದಲನೆಯದು ಪಂಪ್‌ಸೆಟ್ಟು. ನಾನು ಹುಟ್ಟಿದ್ದು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ದಿಬ್ಬೂರಹಳ್ಳಿಗೆ ಹತ್ತಿರದ ಒಂದು ಹಳ್ಳಿಯ ಕೊನೆಯ ಬೀದಿಯಲ್ಲಿ. ಕೊನೆಯ ಬೀದಿ ಎಂದರೆ ನಿಮಗೆ ಅರ್ಥವಾಗುತ್ತದೆ, ನಾವು ಕೇರಿಯವರು. ತಾತನಿಗೆ ಸರ್ಕಾರದಿಂದ ಎರಡು ಎಕರೆ ಬಂದಿತ್ತು. ಅಪ್ಪ ಅದರಲ್ಲಿ ಬೋರ್ ಹಾಕಿಸಿ, ಹಿಪ್ಪುನೇರಳೆ ನೆಟ್ಟು, ನಮ್ಮ ಬೀದಿಯಲ್ಲಿ ಮೊಟ್ಟಮೊದಲ ಪಂಪ್‌ಸೆಟ್ ಇಟ್ಟವನು. ಅವನ ಬಾಯಲ್ಲಿ ಅದು ಪಂಪ್‌ಸೆಟ್ ಅಲ್ಲ, ಬರೀ ‘ಸೆಟ್ಟು’. “ಎಲ್ಲಿ ನಿಮ್ಮಪ್ಪ?” “ಸೆಟ್ಟಿನ ಹತ್ರ ಹೋಗವ್ರೆ.” ಈ ಉತ್ತರ ಕೊಟ್ಟೇ ನನ್ನ ಬಾಲ್ಯ ಮುಗಿಯಿತು. ಅಲ್ಲಿ ಒಂದು ಹುಣಸೆಮರ, ಅದರ ಕೆಳಗೆ ಸ್ಟಾರ್ಟರ್ ಇಟ್ಟ ಶೀಟಿನ ಗೂಡು, ಪಕ್ಕದಲ್ಲಿ ಕಲ್ಲಿನ ತೊಟ್ಟಿ. ಅಲ್ಲಿಂದ ಅಪ್ಪನನ್ನು ಊಟಕ್ಕೆ ಕೂಗುತ್ತಿದ್ದ ನಮ್ಮಜ್ಜಿಗೆ, ಅಂದರೆ ಅವನ ಅಮ್ಮನಿಗೆ, ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಬಂದಾಗ ಮುಕ್ಕಾಲು ತೆಲುಗು. ಮನೆಗೆ ಯಾರಾದರೂ ಮುಖ್ಯವಾದವರು ಬಂದರೆ ಅಪ್ಪ ಮೊದಲು ಕರೆದೊಯ್ಯುತ್ತಿದ್ದದ್ದು ಸೆಟ್ಟಿನ ಹತ್ತಿರಕ್ಕೆ. ರೇಷ್ಮೆ ಇಲಾಖೆಯವರು ಬಂದರೂ ಅಲ್ಲಿಗೆ, ನಮ್ಮ ಸೋದರಮಾವ ಬಂದರೂ ಅಲ್ಲಿಗೆ. ಮೋಟಾರು ಆನ್ ಮಾಡಿ, ನೀರು ಬಂದು ಬೀಳುವ ತನಕ ನೆಂಟರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದ. ಅದಕ್ಕಿಂತ ದೊಡ್ಡ ಮರ್ಯಾದೆ ಅವನಿಗೆ ಗೊತ್ತಿರಲಿಲ್ಲ.

ಸೆಟ್ ದೋಸೆ ನನಗೆ ಪರಿಚಯವಾದದ್ದು ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನ ಎದುರಿನ ಒಂದು ಹೋಟೆಲಿನಲ್ಲಿ. ಆಗ ನನಗೆ ಎಂಟು ವರ್ಷ. ಒಂದು ಸೆಟ್ಟಿಗೆ ಮೂರು ದೋಸೆ. ಅಪ್ಪನಿಗೆ ಎರಡು ಸಾಕು, ನನಗೆ ಒಂದು ಸಾಕು. ಹಾಗಾಗಿ ಒಂದೇ ಸೆಟ್ ಹೇಳಿ, ಎರಡು ತಟ್ಟೆಯಲ್ಲಿ ಹಾಕಿಕೊಡು ಎಂದ. ಸಪ್ಲೈಯರ್ ತಲೆ ಅಲ್ಲಾಡಿಸಿ, “ಸೆಟ್ ಒಡೆಯಂಗಿಲ್ಲ ಯಜಮಾನ್ರೇ” ಎಂದ. ಅಪ್ಪ ಆ ಮಾತನ್ನು ಬಹಳ ಗೌರವದಿಂದ ಕೇಳಿಸಿಕೊಂಡ. ಒಂದೇ ತಟ್ಟೆಯಲ್ಲಿ ಇಬ್ಬರೂ ತಿಂದೆವು. ಊರಿಗೆ ಬಂದು ಅಜ್ಜಿಗೆ, ದೋಸೆಗೂ ಈಗ ಕಾನೂನು ಬಂದಿದೆ ಎಂದು ಹೇಳಿದ.

ಇನ್ನು ಲೆಮನ್ ಸೆಟ್. ಮದುವೆ, ಗೃಹಪ್ರವೇಶಗಳಲ್ಲಿ ಬಣ್ಣದ ಕಾಗದದಲ್ಲಿ ಸುತ್ತಿ ಕೊಡುವ ಒಂದು ಜಗ್ಗು, ಆರು ಗ್ಲಾಸು. ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಾಲದಲ್ಲಿ ಏಳು ಲೆಮನ್ ಸೆಟ್ಟುಗಳಿದ್ದವು. ನಿಂಬೆಹಣ್ಣಿನ ಪಾನಕವನ್ನು ನಾವು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದೆವು. ಹೂವಿನ ಚಿತ್ರದ ಗ್ಲಾಸು ಒಡೆದರೆ ಎಂಬ ಭಯದಲ್ಲಿ ಅಮ್ಮ ಅವುಗಳನ್ನು ಕೆಳಗೆ ಇಳಿಸಿದ್ದೇ ಇಲ್ಲ. ಒಮ್ಮೆ ಅಟ್ಟ ಗುಡಿಸುವಾಗ ಇಳಿಸಿದಳು, ಎರಡು ಒಡೆದವು. ತನ್ನ ಭಯ ಸರಿಯಾಗಿಯೇ ಇತ್ತು ಎಂದು ಅವಳಿಗೆ ಸಮಾಧಾನವಾಯಿತು.

ಹಲ್ಲಿನ ಸೆಟ್ಟು ಅಜ್ಜಿಯದು. ಚಿಂತಾಮಣಿಯಲ್ಲಿ ಮಾಡಿಸಿದ್ದು. ಅದನ್ನು ಹಾಕಿಕೊಂಡ ಮೊದಲ ದಿನ ಅಜ್ಜಿ ಕನ್ನಡಿಯಲ್ಲಿ ನೋಡಿಕೊಂಡು, “ಇವಳು ಯಾರ್ ಮನೇವಳೋ” ಎಂದು ತೆಗೆದಿಟ್ಟಳು. ಆಮೇಲೆ ಅದು ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ವಾಸ ಮಾಡಿತು. ಆಧಾರ್ ಕಾರ್ಡಿನ ಫೋಟೋದಲ್ಲಿ ಮಾತ್ರ ಅವಳಿಗೆ ಹಲ್ಲಿದೆ. ರೇಷನ್ ಅಂಗಡಿಯವರು ಆ ಕಾರ್ಡನ್ನೂ ಅವಳನ್ನೂ ಬಹಳ ಹೊತ್ತು ನೋಡುತ್ತಿದ್ದರು.

ಹೀಗೇ ಹೇಳುತ್ತಾ ಹೋದರೆ ಒಡವೆ ಸೆಟ್, ಪ್ರಶ್ನೆಪತ್ರಿಕೆಯ ಸಿ ಸೆಟ್, ತಾರಸಿ ಸೆಟ್ ಆಗಲಿ ಎಂದು ನೀರು ಕಟ್ಟಿ ನಿಲ್ಲಿಸುವ ಸೆಟ್, ಎಲ್ಲ ಸಾಲಾಗಿ ಬರುತ್ತವೆ. ನಾನು ಅಷ್ಟು ದೂರ ಹೋಗುವುದಿಲ್ಲ. ಹೋಗದಿರಲು ಕಾರಣವೂ ಇದೆ. ಇವೆಲ್ಲ ಸುಖವಾದ ಸೆಟ್ಟುಗಳು. ನನ್ನ ನಿದ್ದೆ ಕೆಡಿಸುತ್ತಿದ್ದ ಸೆಟ್ಟು ಒಂದೇ ಒಂದು. ಅದು ಬ್ರೋಕರ್ ಮುನಿರಾಜಪ್ಪನ ಫೋನಿನಲ್ಲಿ ಬರುತ್ತಿತ್ತು.

ಮುನಿರಾಜಪ್ಪ ಚಿಂತಾಮಣಿಯವನು, ನಮ್ಮವರಲ್ಲಿ ಗಂಡು ಹೆಣ್ಣು ನೋಡಿ ಕೂಡಿಸುವ ಕೆಲಸ ಅವನದು. ಗಂಡಿನ ಕಡೆಯವರು ಬಂದು, ನೋಡಿ, ತಿಂಡಿ ತಿಂದು, ಹೋಗಿ ಮೂರು ದಿನಕ್ಕೆ ಅವನ ಫೋನು. “ಸೆಟ್ ಆಗಲ್ಲ ಅಂದ್ರಮ್ಮ.” ಅಷ್ಟೇ. ಕಾರಣವಿಲ್ಲ, ವಿವರವಿಲ್ಲ. ಏನು ಸೆಟ್ ಆಗಲ್ಲ? ನನ್ನ ಎತ್ತರವೋ, ಬಣ್ಣವೋ, ಬಿ.ಎಡ್. ಪದವಿಯೋ, ಉಪ್ಪಿಟ್ಟೋ? ನಾಲ್ಕು ಸಲ ಹೀಗಾಯಿತು. ನಾಲ್ಕನೆಯ ಸಲ ನಾನು ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡು, “ಯಾಕಂತೆ?” ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, “ಸೆಟ್ ಆಗ್ಲಿಲ್ವಂತೆ ಅದಕ್ಕೆ” ಎಂದ. ಆಗ ನನಗೆ ಇಪ್ಪತ್ತೇಳು. ಅತಿಥಿ ಶಿಕ್ಷಕಿಯಾಗಿ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೆ. ಹಗಲು ಹೊತ್ತು ನಗುತ್ತಿದ್ದೆ. ಅಳುವುದಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ತೋಟದಲ್ಲಿ ಬೇಕಾದಷ್ಟು ಜಾಗವಿತ್ತು.

ಐದನೆಯ ಸಂಬಂಧ ಗೌರಿಬಿದನೂರಿನದು. ಹುಡುಗ ಪಿಯು ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು. ಅವನ ಅಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಮ್ಮಂತೆಯೇ ಗೋಡೆಯ ಮೇಲೆ ಬುದ್ಧನ ಪಟ ಹಾಕಿಕೊಂಡ ಮನೆ. ಬರುವುದಕ್ಕೆ ಮೊದಲು ಹುಡುಗ ಎರಡು ಸಲ ಫೋನು ಮಾಡಿದ್ದ. ಹಿಂದಿನವರಂತೆ ಅಡುಗೆ ಬರುತ್ತಾ, ಹಾಡು ಬರುತ್ತಾ ಎಂದು ಕೇಳಲಿಲ್ಲ.

“ನಿಮ್ಮ ಸ್ಕೂಲಲ್ಲಿ ಮಕ್ಕಳು ನಿಮಗೆ ಏನಂತ ಅಡ್ಡಹೆಸರು ಇಟ್ಟಿದಾರೆ?” ಎಂದ.

“ಗ್ರಾಮರ್ ಗಂಗಮ್ಮ” ಎಂದೆ. ನನ್ನ ಹೆಸರು ಗಂಗಾ ಅಲ್ಲ.

“ನನಗೆ ಸೊನ್ನೆ ಅಂತಾರೆ” ಎಂದ. ಆಮೇಲೆ ಇಬ್ಬರೂ ಬಹಳ ಹೊತ್ತು ಫೋನು ಇಡಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ. ಇದು ಸೆಟ್ ಆಗಬೇಕು ಎಂದು ನನಗೆ ಆಸೆಯಾಯಿತು. ಹಿಂದಿನ ನಾಲ್ಕು ಸಲ ಅವರು ಒಪ್ಪಲಿ ಎಂದಷ್ಟೇ ಇತ್ತು. ಈ ಸಲ ಆ ಮನುಷ್ಯನೇ ಬೇಕು ಅನ್ನಿಸಿತ್ತು.

ಈಗ ಸ್ವಲ್ಪ ಹುಳದ ವಿಷಯ ಹೇಳಬೇಕು. ಶಿಡ್ಲಘಟ್ಟದ ಕಡೆಯವರಾದರೆ ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಬಹುದು. ರೇಷ್ಮೆ ಹುಳ ಇರುವ ಮನೆಯಲ್ಲಿ ಕ್ಯಾಲೆಂಡರ್ ನಡೆಸುವುದು ಹುಳ. ನಾಲ್ಕು ಸಲ ಅದಕ್ಕೆ ಜ್ವರ ಬರುತ್ತದೆ, ಅಂದರೆ ಮೇಯುವುದು ಬಿಟ್ಟು ಪೊರೆ ಕಳಚುತ್ತದೆ. ಆಮೇಲೆ ಒಂದು ವಾರ ರಾಕ್ಷಸನ ಹಾಗೆ ತಿಂದು, ಒಂದು ದಿನ ತಲೆ ಎತ್ತಿ, ಮೈಯೆಲ್ಲ ಹಳದಿಯಾಗಿ ಹೊಳೆಯುತ್ತದೆ. ಅದಕ್ಕೆ ಹುಳ ಹಣ್ಣಾಯಿತು ಎನ್ನುತ್ತೇವೆ. ಹಣ್ಣಾದ ಹುಳವನ್ನು ಮೇಯಿಸುವ ದೊಡ್ಡ ಬಿದಿರು ತಟ್ಟೆಯಿಂದ ಆರಿಸಿ, ಚಾಪೆಯ ಮೇಲೆ ಸುರುಳಿ ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಗೂಡು ಕಟ್ಟುವುದು ಅಲ್ಲೇ. ತಡವಾದರೆ ತಟ್ಟೆಯಲ್ಲೇ, ಸೊಪ್ಪಿನ ಕಡ್ಡಿಯಲ್ಲೇ ಎಲ್ಲೆಂದರಲ್ಲಿ ಕಟ್ಟಿ ತಿಂಗಳ ಕೆಲಸ ಕೆಡಿಸುತ್ತದೆ. ಆ ದಿನ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಇನ್ನು ಹುಳಕ್ಕೆ ಆಗದ ವಸ್ತುಗಳ ಪಟ್ಟಿ ಉದ್ದವಿದೆ. ಪೌಡರ್, ಸೆಂಟು, ಊದುಬತ್ತಿ, ಹೊಗೆಸೊಪ್ಪು, ಒಗ್ಗರಣೆಯ ಘಾಟು, ಹೊರಗಿನವರ ಕಾಲ ಧೂಳು. ಹುಳ ಇದ್ದಷ್ಟು ದಿನ ನಮ್ಮ ಮನೆಯಲ್ಲಿ ಸಾರಿಗೂ ಒಗ್ಗರಣೆ ಇರುತ್ತಿರಲಿಲ್ಲ. ಹೊಸಿಲಿನ ಮೇಲೆ ಸುಣ್ಣ, ಬ್ಲೀಚಿಂಗ್ ಪೌಡರ್ ಚೆಲ್ಲಿ, ಅದನ್ನು ತುಳಿದೇ ಒಳಗೆ ಹೋಗಬೇಕು. ನಮ್ಮದು ಹಳೇ ಮನೆಯಾದ್ದರಿಂದ ಹುಳ ಇದ್ದದ್ದು ನಡುಮನೆಯಲ್ಲೇ. ನಡುಮನೆ ದಾಟದೆ ಅಡುಗೆಮನೆಗಾಗಲಿ, ಕೋಣೆಗಾಗಲಿ ದಾರಿಯಿಲ್ಲ.

ಗಂಡಿನ ಕಡೆಯವರು ಭಾನುವಾರ ಬರುತ್ತೇವೆ ಎಂದರು. ಅಪ್ಪ ಬೆರಳು ಮಡಿಸಿ, ಹುಳ ಹಣ್ಣಾಗುವುದು ಮಂಗಳವಾರ, ಭಾನುವಾರ ಪರವಾಗಿಲ್ಲ ಎಂದ.

“ಹುಳ ಮುಗೀಲಿ, ಆಮೇಲೆ ಕರಿ” ಎಂದಳು ಅಜ್ಜಿ.

“ಒಳ್ಳೆ ಪಾರ್ಟಿ ಅಜ್ಜಿ, ಮುಂದಕ್ಕೆ ಹಾಕಿದ್ರೆ ಕೈ ಬಿಟ್ಟು ಹೋಗ್ತಾರೆ” ಎಂದ ಮುನಿರಾಜಪ್ಪ ಫೋನಿನಲ್ಲಿ. ನಾನು ಅಜ್ಜಿಯ ಪರ ವಹಿಸಲಿಲ್ಲ.

ಶುಕ್ರವಾರ, ಶನಿವಾರ ಬಿಸಿಲು ಏರಿತು. ಸೆಖೆಗೆ ಹುಳ ಬೇಗ ಹಣ್ಣಾಗುತ್ತದೆ, ಇದು ಅಪ್ಪನ ಬೆರಳುಗಳಿಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಮ್ಮ ಸೊಪ್ಪು ಹಾಕಲು ಹೋದವಳು ತಟ್ಟೆ ನೋಡಿ, “ಅಯ್ಯೋ, ತಲೆ ಎತ್ಕೊಂಡು ಕೂತವೆ” ಎಂದು ಕೂಗಿದಳು. ಅಲ್ಲಿಂದ ಮುಂದೆ ನಾನು ಬಂದವರು ನೋಡಬೇಕಾದ ಹೆಣ್ಣಾಗಿ ಉಳಿಯಲಿಲ್ಲ, ಎರಡು ಕೈ ಅಷ್ಟೇ. ಉಟ್ಟಿದ್ದ ರೇಷ್ಮೆ ಸೀರೆ ಬಿಚ್ಚಿ ಹಳೇ ನೈಟಿ ಹಾಕಿಕೊಂಡೆ. ಹಣ್ಣು ಹುಳ ಹಿಡಿದರೆ ಕೈ ತುಂಬ ಅಂಟುನೀರು ಬಿಡುತ್ತದೆ, ಬೆರಳು ಹಳದಿಯಾಗುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಕೈಗೆ ಅರಿಶಿನಶಾಸ್ತ್ರ ಮುಗಿದಂತೆ ಕಾಣುತ್ತಿತ್ತು.

ಆಗಲೇ ಕಾರು ಬಂದು ನಿಂತಿತು.

ಮುಂದೆ ಮುನಿರಾಜಪ್ಪ, ಅವನ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹುಡುಗನ ಅಪ್ಪ, ಮಲ್ಲಿಗೆ ಮುಡಿದ ಹುಡುಗನ ಅಮ್ಮ, ಕೊನೆಯಲ್ಲಿ ಹುಡುಗ. ಆ ಗುಂಪಿನಿಂದ ಬರುತ್ತಿದ್ದ ಸೆಂಟಿನ ವಾಸನೆ ಕಿಟಕಿಯೊಳಗಿದ್ದ ನನಗೇ ಬಡಿಯಿತು. ಅಜ್ಜಿ ಬಾಗಿಲಲ್ಲಿ ಕೂತು ಚಂದ್ರಿಕೆ ಒರೆಸುತ್ತಿದ್ದಳು. ಹುಡುಗನ ಅಪ್ಪ ಚಪ್ಪಲಿ ಬಿಟ್ಟು, ನಗುತ್ತಾ ಕೈ ಮುಗಿದು, ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದರು. ಅಜ್ಜಿ ಧಡಕ್ಕನೆ ಎದ್ದು, ಕೈ ಅಡ್ಡ ಚಾಚಿ ಕೂಗಿದಳು.

“ಆಡ್ನೇ ನಿಲಬಡು!”

ಅಲ್ಲೇ ನಿಲ್ಲು ಎಂದು. ತೆಲುಗಿನಲ್ಲಿ. ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಹುಳ ಮಾತ್ರ. ಆದರೆ ಊರೊಳಗಿನ ದೊಡ್ಡ ಮನೆಗಳಲ್ಲಿ ಆಡುವುದು ತೆಲುಗು. ನಮ್ಮವರು ಕೂಲಿ ಕೇಳಲೋ ಮಜ್ಜಿಗೆ ಬೇಡಲೋ ಆ ಮನೆಗಳ ಮುಂದೆ ಹೋದಾಗ ಒಳಗಿನಿಂದ ಬರುತ್ತಿದ್ದದ್ದು ಇದೇ ಮಾತು, ಇದೇ ದನಿ. ಹುಡುಗನ ಅಪ್ಪ ಹುಟ್ಟಿದ್ದು ಚಿಂತಾಮಣಿ ಕಡೆಯ ಇಂಥದೇ ಒಂದು ಕೇರಿಯಲ್ಲಿ. ಮೆಟ್ಟಿಲ ಮೇಲಿದ್ದ ಕಾಲನ್ನು ಅವರು ನಿಧಾನವಾಗಿ ಕೆಳಗೆ ಇಟ್ಟರು. ಮುಖದ ನಗು ಹಾಗೇ ಇತ್ತು, ತೆಗೆಯುವುದನ್ನು ಮರೆತಂತೆ.

“ಹುಳದ ಮನೆ ಸಾರ್, ಅದಕ್ಕೆ...” ಎಂದ ಮುನಿರಾಜಪ್ಪ.

“ಗೊತ್ತು” ಎಂದರು.

ಅಪ್ಪ ಹಿತ್ತಿಲಿನಿಂದ ಓಡಿ ಬಂದ. ಅವನಿಗೆ ನಡೆದದ್ದೇನೂ ಗೊತ್ತಿಲ್ಲ. ಮನೆಯೊಳಗೆ ಕೂರಿಸಲು ಆಗದಿದ್ದರೆ ಏನಾಯಿತು, ಅದಕ್ಕಿಂತ ಒಳ್ಳೆಯ ಜಾಗವಿದೆಯಲ್ಲ ಎಂದು ಹಿಗ್ಗಿನಿಂದ ನಾಲ್ವರನ್ನೂ ಸೆಟ್ಟಿನ ಹತ್ತಿರಕ್ಕೆ ಕರೆದುಕೊಂಡು ಹೋದ. ಹುಣಸೆಮರದ ಕೆಳಗೆ ಎರಡು ಮಂಚ ಹಾಕಿಸಿದ. ಮೋಟಾರು ಆನ್ ಮಾಡಿದ. ಕರೆಂಟು ಇರಲಿಲ್ಲ.

ಅಮ್ಮ ನನಗೆ ಮತ್ತೆ ಸೀರೆ ಉಡಿಸಿ, ತಟ್ಟೆಯಲ್ಲಿ ಪಾನಕದ ಲೋಟಗಳನ್ನಿಟ್ಟು ಕಳಿಸಿದಳು. ಅಲ್ಲಿಗೆ ಹೋದಾಗ ಹುಡುಗನ ಅಪ್ಪ ಮರದ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಲೋಟ ತೆಗೆದುಕೊಂಡರು, ಪಕ್ಕದಲ್ಲಿಟ್ಟರು, ಮುಟ್ಟಲಿಲ್ಲ. ನನ್ನ ಹಳದಿ ಕೈ ನೋಡಿ ಹುಡುಗನ ಅಮ್ಮ, “ಪಾಪ, ಕೆಲಸದ ಮಧ್ಯೆ ಬಂದ್ವಿ” ಎಂದರು. ಅವರ ಗಂಡ ಯಾರನ್ನೂ ನೋಡದೆ ಮಾತಾಡಿದರು.

“ಚಿಕ್ಕವನಾಗಿದ್ದಾಗ ನಮ್ಮಪ್ಪ ದೊಡ್ಡಮನೆಗೆ ಕೂಲಿಗೆ ಹೋಗೋರು. ಹುಳ ಹಣ್ಣಾದ ದಿನ ನನ್ನನ್ನೂ ಕರ್ಕೊಂಡು ಹೋಗೋರು, ಕೈ ಬೇಕಲ್ಲ. ಅವತ್ತೊಂದು ದಿನ ಒಳಗೆ ಬಿಡೋರು. ಊಟ ಮಾತ್ರ ಕೊಟ್ಟಿಗೆ ಹತ್ರ. ಮಾರನೇ ದಿನ ಹೋದ್ರೆ ಮತ್ತೆ ಆಡ್ನೇ ನಿಲಬಡು.” ಎದ್ದು ನಿಂತು, “ಬ್ಯಾಂಕಲ್ಲಿ ಮೂವತ್ತು ವರ್ಷ ಯಾರೂ ಹಂಗೆ ಅನ್ನಲಿಲ್ಲ. ಹೊರಡೋಣ ಮುನಿರಾಜಪ್ಪ” ಎಂದರು.

ಅಪ್ಪನ ಮುಖ ನೋಡಲಾಗಲಿಲ್ಲ. ಹುಡುಗ ತನ್ನ ಅಪ್ಪನನ್ನೂ ನನ್ನನ್ನೂ ನೋಡಿದ. ತಟ್ಟೆಯನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು ಮನೆಯ ಕಡೆ ಓಡಿದೆ. ಹೆಣ್ಣು ನೋಡಲು ಬಂದವರ ಎದುರಿನಿಂದ ಸೀರೆ ಎತ್ತಿಕೊಂಡು ಓಡಿದ ಹೆಣ್ಣು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅಜ್ಜಿ ತಟ್ಟೆಯ ಮುಂದೆ ಕೂತು ಹುಳ ಆರಿಸುತ್ತಿದ್ದಳು. ಕೇಳಿದ್ದನ್ನೆಲ್ಲ ಹೇಳಿದೆ. ಅವಳ ಬೆರಳು ಆರಿಸುತ್ತಲೇ ಇತ್ತು, ಆಮೇಲೆ ನಿಂತಿತು.

“ಆ ಮಾತು ನನ್ನ ಬಾಯಲ್ಲಿ ಬಂತಾ?”

“ಹೂಂ ಅಜ್ಜಿ.”

“ಕನ್ನಡದಲ್ಲಿ ಬರಲಿಲ್ವಾ?”

“ಇಲ್ಲ.”

ಹುಳ ಬಿಟ್ಟು ಅಜ್ಜಿ ಎದ್ದಳು. ಹಣ್ಣಾದ ದಿನ ಕೆಲಸದ ನಡುವೆ ಅವಳು ಎದ್ದು ಹೋದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸೆರಗು ಹೊದ್ದು, ಬರಿಗಾಲಲ್ಲಿ, ಸುಡುವ ಬದುವಿನ ಮೇಲೆ ಸೆಟ್ಟಿನ ತನಕ ನಡೆದಳು. ನಾನು ಹಿಂದೆ ಹೋದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅಜ್ಜಿ ಹೋಗಿ ಎದುರು ನಿಂತಳು.

“ಏನಪ್ಪ, ಹುಳ ಕೆಟ್ಟೋಗ್ತವೇನೋ ಅಂತ ಹೆದರ್ಕೊಂಡೆ. ಹೆದರಿದಾಗ ಬಾಯಿಗೆ ಬರೋದು ಕೇಳಿ ಕೇಳಿ ಒಳಗೆ ಕೂತಿರೋ ಮಾತೇ. ದೊಡ್ಡಮನೆ ಮುಂದೆ ಆ ಮಾತು ನನಗೆ ಅಂದಾಗ, ಇಗೋ ಇವನು ನನ್ನ ಕಂಕುಳಲ್ಲಿ ಇದ್ದ.” ಅಪ್ಪನನ್ನು ತೋರಿಸಿದಳು. “ಮೈಯೆಲ್ಲ ಸುಟ್ಟಂಗಾಗಿತ್ತು. ಅದನ್ನೇ ನಿನಗೆ ಅಂದೆ. ತಪ್ಪಾಯ್ತು ಕಣಪ್ಪ.”

ಎಪ್ಪತ್ತೈದು ದಾಟಿದ ಮುದುಕಿ ಕೈ ಮುಗಿದಳು. ಅವರು ಬಗ್ಗಿ ಆ ಕೈ ಹಿಡಿದುಕೊಂಡರು. ಹಿಡಿದ ಮೇಲೆ ಬೆರಳಿಗೆ ಅಂಟಿದ ಹಳದಿಯನ್ನು ನೋಡಿದರು.

“ಎಷ್ಟು ತಟ್ಟೆ ಹುಳ ಅಜ್ಜಿ?”

“ಅರವತ್ತು. ನಲವತ್ತು ಹಂಗೇ ಐತೆ.”

“ಕೈ ಎಷ್ಟಿವೆ?”

“ಮೂರು ಜನ. ಇವನನ್ನ ಸೇರಿಸಿ ನಾಲ್ಕು. ಇವನು ನಿಂತ್ಕೊಂಡು ಸೆಟ್ಟು ತೋರಿಸ್ತಾನೆ.”

ಅವರು ಗಡಿಯಾರ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಬಿಳಿ ಅಂಗಿ ಬಿಚ್ಚಿ ಮಂಚದ ಮೇಲಿಟ್ಟರು. ಸೆಂಟಿನ ವಾಸನೆ ಹೋಗುವಂತೆ ಸೋಪಿಲ್ಲದೆ ತೊಟ್ಟಿಯ ನೀರನ್ನು ಹತ್ತು ಕೊಡ ಸುರಿದುಕೊಂಡರು. ಅಪ್ಪ ಲುಂಗಿ, ಬನಿಯನ್ ತಂದುಕೊಟ್ಟ. ಬಾಗಿಲ ಹತ್ತಿರ ಬಂದು, ಬ್ಲೀಚಿಂಗ್ ಪೌಡರ್ ತುಳಿದು, ಒಂದು ಗಳಿಗೆ ಸುಮ್ಮನೆ ನಿಂತರು. “ಬಾಪ್ಪ, ಹೊತ್ತಾಗ್ತದೆ” ಎಂದಳು ಅಜ್ಜಿ. ಅವರು ಒಳಗೆ ಬಂದರು.

ಅವರ ಕೈ ನೋಡಿ ಅಮ್ಮ ಬೆರಗಾದಳು. ಐವತ್ತು ವರ್ಷದ ಹಿಂದೆ ಕಲಿತ ಕೆಲಸ ಬೆರಳು ಮರೆತಿರಲಿಲ್ಲ. ಹಸಿ ಹುಳ ಬಿಟ್ಟು ಹಣ್ಣು ಹುಳವನ್ನಷ್ಟೇ, ಹಿಸುಕದಂತೆ, ನಮ್ಮೆಲ್ಲರಿಗಿಂತ ಬೇಗ ಆರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಹುಡುಗನೂ ತಲೆಯಿಂದ ನೀರಿಳಿಸಿಕೊಂಡು ನಮ್ಮಪ್ಪನ ಇನ್ನೊಂದು ಲುಂಗಿಯಲ್ಲಿ ಬಂದ. ಅವನಿಗೆ ಏನೂ ಗೊತ್ತಿಲ್ಲ. ಹುಳ ಹಿಡಿದುಕೊಂಡು ನನ್ನ ಪಕ್ಕ ಕೂತು, “ಒಂದು ಚಂದ್ರಿಕೆಗೆ ಎಷ್ಟು ಬಿಡಬೇಕು?” ಎಂದ.

“ಲೆಕ್ಕ ಇಲ್ಲ, ಅಂದಾಜು.”

“ಅಂದಾಜು ನಮಗೆ ಬರಲ್ಲ ರೀ” ಎಂದು ಒಂದು, ಎರಡು ಎಂದು ಎಣಿಸತೊಡಗಿದ. ಅರ್ಧ ದಿನದಲ್ಲಿ ಅವನು ತುಂಬಿಸಿದ್ದು ಒಂದೇ ಚಂದ್ರಿಕೆ. ಹುಡುಗನ ಅಮ್ಮ ಮಲ್ಲಿಗೆ ತೆಗೆದು ಮಂಚದ ಮೇಲಿಟ್ಟು ಹೊರಗಿನಿಂದ ಚಂದ್ರಿಕೆ ಎತ್ತಿ ಕೊಟ್ಟರು. ಮುನಿರಾಜಪ್ಪ ಮಾತ್ರ ಹೊರಗೆ ಕೂತು, ಆಗಾಗ ಕಿಟಕಿಯಲ್ಲಿ ಇಣುಕಿ, “ಸೆಟ್ ಆಗ್ತಾ ಐತಾ?” ಎಂದು ಕೇಳುತ್ತಿದ್ದ. ಯಾರಿಗೂ ಅವನಿಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ.

ಮೂರು ಗಂಟೆಗೆ ಕೊನೆಯ ತಟ್ಟೆ ಖಾಲಿಯಾಯಿತು. ಅಮ್ಮ ಒಗ್ಗರಣೆಯಿಲ್ಲದ ಉಪ್ಪಿಟ್ಟು ಮಾಡಿ, ಹೊರಗೆ ಜಗಲಿಯ ಮೇಲೆ ಹೊಸ ಚಾಪೆ ಹಾಸಿ, ಬನ್ನಿ ಎಂದಳು. ಹುಡುಗನ ಅಪ್ಪ ಕೈ ತೊಳೆದುಕೊಂಡು ಬಂದು ಮೆಲ್ಲಗೆ ಕೇಳಿದರು.

“ಅಡುಗೆಮನೇಲಿ ಕೂತ್ಕೊಂಡು ತಿನ್ಲಾ ಅಮ್ಮ?”

ಅಮ್ಮ ಚಾಪೆ ಎತ್ತಿಕೊಂಡು ಒಳಗೆ ಹೋಗಿ ಒಲೆಯ ಪಕ್ಕ ಹಾಸಿದಳು. ಅವರು ಗೋಡೆಗೆ ಒರಗಿ ಕಾಲು ಚಾಚಿ ಕೂತು ತಿಂದರು. ಉಪ್ಪಿಟ್ಟಿಗೆ ಉಪ್ಪು ಕೂಡ ಕಡಿಮೆಯಿತ್ತು. ಎರಡು ಸಲ ಹಾಕಿಸಿಕೊಂಡರು. ನಾನು ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆ. ನನ್ನ ಮದುವೆಯ ಯೋಚನೆ ಆಗ ನಿಜವಾಗಿಯೂ ಮರೆತೇ ಹೋಗಿತ್ತು.

ಹೊರಡುವಾಗ ಮತ್ತೆ ಬಿಳಿ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತರು. ಅಜ್ಜಿ ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು ತಂದು ಕೊಟ್ಟಳು. ಅವರು ತೆಗೆದುಕೊಂಡು, ಆ ದಿನ ಮೊದಲ ಸಲ ತಮಾಷೆ ಮಾಡಿದರು.

“ಇಷ್ಟೇನಾ ಅಜ್ಜಿ? ಕೂಲಿ ಕೊಡಲ್ವಾ?”

“ಕೂಲಿ ಯಾಕೆ ಕೊಡ್ಲಿ?” ಎಂದಳು ಅಜ್ಜಿ. “ನೀನು ಮುಯ್ಯಾಳು. ನಮ್ಮ ಹುಡುಗಿ ಬಂದು ತೀರಿಸ್ತಾಳೆ.”

ಮುಯ್ಯಿ ಎಂದರೆ, ಇವತ್ತು ನೀವು ನಮ್ಮ ಹೊಲಕ್ಕೆ ಬಂದು ದುಡಿದರೆ ನಾಳೆ ನಮ್ಮ ಮನೆಯವರೊಬ್ಬರು ನಿಮ್ಮ ಹೊಲಕ್ಕೆ ಬಂದು ದುಡಿಯುವುದು. ಕೂಲಿಗೆ ಯಾರನ್ನು ಬೇಕಾದರೂ ಕರೆಯಬಹುದು. ಮುಯ್ಯಿ ಇರುವುದು ಸರಿಸಮರಲ್ಲಿ ಮಾತ್ರ. ದೊಡ್ಡಮನೆಯವರು ನಮ್ಮನ್ನು ಎಂದೂ ಮುಯ್ಯಿಗೆ ಕರೆದದ್ದಿಲ್ಲ. ಅದು ಹುಡುಗನ ಅಪ್ಪನಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಹುಡುಗನ ಅಪ್ಪ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ಏನಮ್ಮ, ಬರ್ತೀಯಾ?”

ಹೆಣ್ಣು ಅಂಥ ಹೊತ್ತಿನಲ್ಲಿ ಕಾಲಬೆರಳು ನೋಡಬೇಕು ಎಂದು ಅಮ್ಮ ನಾಲ್ಕು ಸಲವೂ ಹೇಳಿಕೊಟ್ಟಿದ್ದಳು. ನಾನು ಅವರ ಮುಖವನ್ನೇ ನೋಡಿ, “ಬರ್ತೀನಿ” ಎಂದೆ.

“ಎಷ್ಟು ದಿನಕ್ಕೆ ಕಳಿಸ್ತೀರ ಅಜ್ಜಿ?”

ಅಜ್ಜಿ ಬಿಸಿಲು ನೋಡಿ ಲೆಕ್ಕ ಹಾಕಿದಳು. “ನೀನು ಮಾಡಿದ್ದು ಅರ್ಧ ದಿನ. ಅವಳೂ ಅರ್ಧ ದಿನ ಇದ್ದು ಬರ್ತಾಳೆ.”

ಗೌರಿಬಿದನೂರಿಗೆ ಬಂದು ಹದಿನಾಲ್ಕು ವರ್ಷವಾಯಿತು. ಆ ಅರ್ಧ ದಿನ ಇನ್ನೂ ಮುಗಿದಿಲ್ಲ.